ಮೊಲದ ಆಂಟಿಬಾಡಿಯೂ ಹತ್ತು ದಿನದ ರಜೆಯೂ

ಸಂಶೋಧನೆ ಎಂದರೆ ಮುಕ್ಕಾಲು ಪಾಲು ಕಾಯುವುದು. ಕಾಯುವವರ ಸುತ್ತ ತಮಾಷೆಗಳು ತಾವಾಗಿಯೇ ನಡೆಯುತ್ತವೆ. ಎರಡು ಸಾವಿರದ ದಶಕದಲ್ಲಿ ದೆಹಲಿಯ ಹೌಜ್ ಖಾಸ್ ಬಳಿಯ ಲ್ಯಾಬೊಂದರಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಮೈಟೊಕಾಂಡ್ರಿಯದೊಳಗೆ ಕುಳಿತು, ಜೀವಕೋಶ ಸಕ್ಕರೆಯನ್ನು ಈಗ ಉರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಕಿಣ್ವವೊಂದು ನನ್ನ ವಿಷಯ. ಅದನ್ನು ಗುರುತಿಸಲು, ಅದಕ್ಕೆ ಮಾತ್ರ ಅಂಟುವ ಆಂಟಿಬಾಡಿ ಬೇಕು. ಅದು ವಿದೇಶದಿಂದ ಬರಬೇಕು. ಗಂಡ ಸೇನೆಯಲ್ಲಿ, ಅವರು ಗಡಿಯಿಂದ ಬರಬೇಕು.

೧. ಮೊಲದ ಕ್ಷೇಮ

ನನ್ನ ಆಂಟಿಬಾಡಿಯನ್ನು ಮೊಲದ ರಕ್ತದಿಂದ ತೆಗೆದಿದ್ದರು. ಕಾಗದದಲ್ಲಿ 'ಮೊಲ' ಎಂದು ಕಂಡದ್ದೇ ತಡ, ಕಸ್ಟಮ್ಸ್‌ನವರು ಪಶುವೈದ್ಯರ ಪತ್ರ ಕೇಳಿ ಪೆಟ್ಟಿಗೆ ತಡೆದರು. ಒಳಗಿರುವುದು ನಾಲ್ಕು ಹನಿ ದ್ರವ, ಡ್ರೈ ಐಸ್ ಮುಗಿಯುತ್ತಿದೆ ಎಂದು ಗೋಗರೆದೆ. ಅಧಿಕಾರಿ ಕರಗಿದರು.

"ಅಚ್ಛಾ, ಮೊಲ ಆರೋಗ್ಯವಾಗಿದೆ ಅಂತ ಒಂದು ಸಾಲು ಬರೆದುಕೊಡಿ ಮೇಡಂ."

ಕಂಡು ಕೇಳರಿಯದ ಮೊಲದ ಕ್ಷೇಮಸಮಾಚಾರ ಬರೆದುಕೊಟ್ಟೆ. ಗಂಡನ ಕ್ಷೇಮಸಮಾಚಾರ ಬಂದು ಮೂರು ವಾರವಾಗಿತ್ತು.

೨. ಲೋಕೋಪಕಾರ

ಆಂಟಿಬಾಡಿ ಬಂದ ಥರ್ಮೊಕೋಲ್ ಪೆಟ್ಟಿಗೆಗೆ ಪೀತಮ್‌ಪುರದ ಕನ್ನಡದ ಆಂಟಿ ಮೊದಲೇ ಹೇಳಿಟ್ಟಿದ್ದರು. ದೆಹಲಿಯ ಚಳಿಗೆ ಇಡ್ಲಿ ಹಿಟ್ಟು ಹುದುಗು ಬರುವುದಿಲ್ಲ. ಪಾತ್ರೆಯನ್ನು ಆ ಪೆಟ್ಟಿಗೆಯೊಳಗಿಟ್ಟರೆ ಬೆಳಿಗ್ಗೆಗೆ ಉಕ್ಕಿರುತ್ತದೆ. ಅವರ ಮನೆಯ ಮೃದು ಇಡ್ಲಿ ಬಾಯಿಗಿಟ್ಟಾಗ ಗಂಡನ ನೆನಪಾಗಿ ಅಳು ಬಂತು. ಸಂಶೋಧನೆ ಕೈಗೂಡದೆ ಅಳುತ್ತಿದ್ದೇನೆಂದುಕೊಂಡು ಆಂಟಿ ಬೆನ್ನು ಸವರಿದರು.

"ಬಿಡಮ್ಮ, ನಮಗಂತೂ ಉಪಯೋಗ ಆಗಿದೆ."

೩. ತಟ್ಟೆ ತೂಗಿದ ಕ್ಯಾಪ್ಟನ್

ಕೊನೆಗೂ ಇವರಿಗೆ ಹತ್ತು ದಿನ ರಜೆ ಸಿಕ್ಕಿತು. ಅಷ್ಟೂ ದಿನ ಜೊತೆಗಿರಬೇಕೆಂದು ನನ್ನ ಆಸೆ. ಆಂಟಿಬಾಡಿ ಕಿಣ್ವಕ್ಕೆ ಅಂಟಿದರೆ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಗೆರೆ ಬೀಳುತ್ತದೆ; ಅದು ಮೂಡಿದ ಮೇಲೆಯೇ ನಿನಗೆ ರಜೆ ಎಂದರು ಪ್ರೊಫೆಸರು. ಎಂಟು ದಿನ ಗೆರೆ ಮೂಡಲಿಲ್ಲ. ಒಂಬತ್ತನೆಯ ದಿನ, ಆಂಟಿಬಾಡಿ ಸುರಿದ ತಟ್ಟೆಯನ್ನು ಮೆಲ್ಲಗೆ ತೂಗುವ ಯಂತ್ರವೇ ಕೆಟ್ಟಿತು. ನಾನು ಅತ್ತೇಬಿಟ್ಟೆ.

"ಇಲ್ಲಿ ಕೊಡು, ನಾನು ತೂಗ್ತೀನಿ," ಎಂದರು ನನ್ನನ್ನು ಕರೆದೊಯ್ಯಲು ಲ್ಯಾಬಿಗೆ ಬಂದಿದ್ದ ಇವರು. "ನಿನ್ನ ಪಕ್ಕ ಕೂತಿರೋಕೆ ತಾನೇ ರಜೆ ಹಾಕಿದ್ದು."

ಎರಡು ಗಂಟೆ ಒಂದೇ ಲಯದಲ್ಲಿ ತೂಗಿದರು. ಆ ರಜೆಯಲ್ಲಿ ನಾವು ಅಷ್ಟು ಹೊತ್ತು ಒಟ್ಟಿಗೆ ಕುಳಿತದ್ದು ಅದೇ ಮೊದಲು. ತೂಗಿದ್ದು ಸಾಕು ಎನ್ನಲು ನನಗೆ ಮನಸ್ಸೇ ಬರಲಿಲ್ಲ. ಸಂಜೆಗೆ ಗೆರೆ ಅಚ್ಚೊತ್ತಿದಂತೆ ಮೂಡಿತು.

ಪ್ರೊಫೆಸರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಉಳಿದ ಒಂದು ದಿನ ನನಗೆ ರಜೆ ಕೊಟ್ಟರು. ಆಮೇಲೆ, ಕೇಳಿದರೆ ಅಳು ಬರುತ್ತದೆಂದು ನಾನು ನುಂಗಿಕೊಂಡಿದ್ದ ಪ್ರಶ್ನೆಯನ್ನು ಡೈರಿ ಬಿಡಿಸಿಕೊಂಡು ಅವರೇ ಇವರನ್ನು ಕೇಳಿದರು.

"ಕ್ಯಾಪ್ಟನ್ ಸಾಬ್, ಮುಂದಿನ ರಜೆ ಯಾವಾಗ? ಇನ್ನೂ ಆರು ತಟ್ಟೆ ತೂಗೋದಿದೆ."