ಕೆಂಪು ನಂಬರು

ಎಲ್ಲ ಅನರ್ಥಕ್ಕೂ ಕಾರಣ ಅರ್ಧ ಡಬ್ಬ ಬಣ್ಣ. ವರದರಾಜ ಮೇಷ್ಟ್ರು ತರಲು ಹೇಳಿದ್ದು ಸುಣ್ಣ. ಒಂಬತ್ತನೇ ಕ್ಲಾಸಿನ ಸಮರ್ಥ ತಂದದ್ದು, ಮನೆಯ ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟು.

"ಸುಣ್ಣ ಮಳೆಗೆ ಹೋಗ್ಬಿಡುತ್ತೆ ಸಾರ್. ಇದು ಜಪ್ಪಯ್ಯ ಅಂದ್ರೂ ಹೋಗಲ್ಲ."

ಗವಿಪುರಂನ ಆ ಬೀದಿಯನ್ನು ಅಗಲ ಮಾಡುತ್ತಾರೆಂಬ ಸುದ್ದಿ ಹಬ್ಬಿದಂದಿನಿಂದ ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ. ಬೀದಿಯ ಹನ್ನೊಂದು ಮರಗಳಲ್ಲಿ ಶಾಲೆಯ ಎದುರಿನ ಹೊಂಗೆಯೆಂದರೆ ಅವರಿಗೆ ಪ್ರಾಣ. ಹದಿನೆಂಟು ವರ್ಷ ಅದರ ನೆರಳಲ್ಲೇ ಪಾಠ ಮಾಡಿದ್ದರು. ನಾಲ್ಕು ಗೋಡೆಯೊಳಗೆ ಕೂತು ಎಲೆಯ ಪಾಠ ಓದುವುದು ಹೋಳಿಗೆಯ ಚಿತ್ರ ನೋಡಿ ತೇಗಿದಂತೆ ಎಂಬುದು ಅವರ ವಾದ. ಒಂದೊಂದು ಮರವನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ದತ್ತು ಕೊಟ್ಟು, ಇವು ಮಕ್ಕಳು ಸಾಕುವ ಮರಗಳು, ಗುರುತಿಗೆ ನಂಬರು ಹಾಕುತ್ತೇವೆ, ದಯವಿಟ್ಟು ಉಳಿಸಿ ಎಂದು ಸಂಬಂಧಪಟ್ಟ ಆಫೀಸಿಗೆ ಮೂರು ಅರ್ಜಿ ಹಾಕಿದ್ದರು. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತರೊಳಗೆ ಒಂದರಿಂದ ಹನ್ನೊಂದರವರೆಗೆ ಕೆಂಪು ನಂಬರು ಬಿತ್ತು. ಹೊಂಗೆ ಒಂದನೆಯದು, ದೀಪ್ತಿಯ ದತ್ತು. ಹನ್ನೊಂದನೆಯದು ವೆಂಕಟಪ್ಪನ ಬೇಕರಿಯ ಹೊಸ ಬೋರ್ಡಿಗೆ ಅಡ್ಡವಾಗಿದ್ದ ಮರ. ಅದಕ್ಕೆ ನಂಬರು ಬಿದ್ದದ್ದೇ ತಡ, ವೆಂಕಟಪ್ಪ ಮಕ್ಕಳಿಗೆಲ್ಲ ಖಾರಾ ಬನ್ ಹಂಚಿದ. ಎಂಥ ವೃಕ್ಷಪ್ರೇಮಿ ಎಂದು ಮೇಷ್ಟ್ರು ಕರಗಿಹೋದರು.

ಅಷ್ಟರಲ್ಲಿ ಎದುರು ಮನೆಯ ವಿಶಾಲಮ್ಮ ಹೊರಗೆ ಬಂದರು.

"ಏನು ಮೇಷ್ಟ್ರೇ, ನಿಮ್ಮ ಕೈಯಾರೆ ಯಮನ ಲಿಸ್ಟ್ ಬರೆದ್ರಲ್ಲ. ಹಿಂದಿನ ಬೀದೀಲಿ ಕೆಂಪು ನಂಬರು ಹಾಕಿದ್ನೆಲ್ಲ ಮಾರನೇ ದಿನವೇ ಕಡಿದು ಹಾಕಿದ್ರು."

"ಹೌದ್ರೀ," ಎಂದರು ಪಕ್ಕದ ಮನೆಯ ಲಕ್ಷ್ಮಯ್ಯ. "ಕೆಂಪು ಅಂದ್ರೆ ಕಡಿ ಅಂತಲೇ ಲೆಕ್ಕ. ಇವತ್ತು ಮಧ್ಯಾಹ್ನ ಲಾರಿ ಬರುತ್ತಂತೆ."

ಈಗಲೇ ಎಲ್ಲ ಅಳಿಸಿ ಎಂದು ಮೇಷ್ಟ್ರು ಮಕ್ಕಳನ್ನು ಕೂಗಿದರು. ವಿಶಾಲಮ್ಮ ಉದಾರವಾಗಿ ರೇಷನ್ ಸೀಮೆಎಣ್ಣೆಯ ಕ್ಯಾನು ತಂದಿಟ್ಟರು. ಮಕ್ಕಳು ಗೋಣಿತಾಟು, ತೆಂಗಿನ ನಾರು ಹಿಡಿದು ಉಜ್ಜತೊಡಗಿದರು.

"ಸಾರ್, ಮರಕ್ಕೆ ಸೀಮೆಎಣ್ಣೆ ಹಚ್ಚೋದು ಪರಿಸರ ಮಾಲಿನ್ಯ ಅಲ್ವಾ?" ಎಂದು ಕೇಳಿದಳು ದೀಪ್ತಿ.

"ಇವತ್ತೊಂದಿನ ಅಲ್ಲಮ್ಮ. ಉಜ್ಜು."

ಮಧ್ಯಾಹ್ನದ ಹೊತ್ತಿಗೆ ಹತ್ತು ಮರಗಳ ನಂಬರು ಹೋಯಿತು, ಮೇಷ್ಟ್ರ ಅಂಗೈಯ ಚರ್ಮವೂ ಹೋಯಿತು. ಹನ್ನೊಂದನೆಯದರ ಹತ್ತಿರ ಹೋದರೆ ವೆಂಕಟಪ್ಪ ನಂಬರಿಗೆ ಬೆನ್ನು ಕೊಟ್ಟು ನಿಂತಿದ್ದ.

"ಮಕ್ಳು ಆಸೆಯಿಂದ ಬರೆದವ್ರೆ ಮೇಷ್ಟ್ರೇ. ಅಳ್ಸೋಕೆ ನಾನು ಬಿಡಾಕಿಲ್ಲ."

ಆತನ ವೃಕ್ಷಪ್ರೇಮದ ಗುಟ್ಟು ಮೇಷ್ಟ್ರಿಗೆ ಆಗ ತಿಳಿಯಿತು. ಜಗಳಕ್ಕೆ ಸಮಯವಿರಲಿಲ್ಲ, ಲಾರಿ ಬಂದೇಬಿಟ್ಟಿತ್ತು. ಮರ ಕಡಿಯುವವರ ಮೇಸ್ತ್ರಿ ಮುನಿಸ್ವಾಮಿ ಕೆಳಗಿಳಿದು, ಕೈಯಲ್ಲೊಂದು ಕಾಗದ ಹಿಡಿದು ಒಂದೊಂದೇ ಮರವನ್ನು ಸುತ್ತಿ ನೋಡಿದ.

"ನೋಡಿ, ಈ ಹತ್ತಕ್ಕೂ ನಂಬರಿಲ್ಲ," ಎಂದರು ಮೇಷ್ಟ್ರು, ಎದೆಯುಬ್ಬಿಸಿ.

"ಅದೇ ನೋಡ್ತಿದೀನಿ ಸಾರ್. ಯಾರೋ ಮೇಷ್ಟ್ರು ಅರ್ಜಿ ಮೇಲೆ ಅರ್ಜಿ ಹಾಕಿದ್ರಂತೆ. ಸಾಹೇಬ್ರು ಮನಸು ಕರಗಿ, ಮಕ್ಳು ನಂಬರ್ ಹಾಕಿರೋ ಮರ ಬಿಟ್ಬಿಡಿ, ಮಿಕ್ಕಿದ್ದು ಕಡೀರಿ ಅಂತ ಆರ್ಡರ್ ಮಾಡವ್ರೆ."

ಮೇಷ್ಟ್ರು ಮುನಿಸ್ವಾಮಿಯ ಕೈ ಹಿಡಿದುಕೊಂಡರು. "ಆ ಮೇಷ್ಟ್ರು ನಾನೇ ಕಣಯ್ಯಾ. ಬೆಳಿಗ್ಗೆ ಎಲ್ಲಕ್ಕೂ ನಂಬರಿತ್ತು. ನಾವೇ ಅಳಿಸಿದ್ವಿ."

"ಉಳಿಸೋ ನಂಬರ್‌ನ ಯಾರಾದ್ರೂ ಅಳಿಸ್ತಾರಾ ಸಾರ್? ಸುಮ್ನೆ ಆ ಕಡೆ ನಿಂತ್ಕೊಳಿ, ಕೊಂಬೆ ಬೀಳುತ್ತೆ."

ಸಮರ್ಥ ಡಬ್ಬವನ್ನು ಬಗ್ಗಿಸಿ ನೋಡಿದ. ಒಂದು ತೊಟ್ಟು ಬಣ್ಣವಿರಲಿಲ್ಲ.

ನಾಲ್ಕು ಗಂಟೆಗೆ ಹೊಂಗೆ ನೆಲಕ್ಕುರುಳಿತು. ಮೇಷ್ಟ್ರು ಮಕ್ಕಳ ಎದುರಿಗೇ ಅತ್ತುಬಿಟ್ಟರು. ಹದಿನೆಂಟು ವರ್ಷದ ನೆರಳನ್ನು ತಮ್ಮ ಕೈಯಿಂದಲೇ ಉಜ್ಜಿ ಅಳಿಸಿದ ಸಂಕಟ ಅದು. ಬೀದಿಯಲ್ಲಿ ಉಳಿದದ್ದು ಒಂದೇ ಮರ, ಹನ್ನೊಂದನೆಯ ನಂಬರಿನದು. ಇನ್ನು ಮೇಲೆ ಪಾಠವೂ ಅಲ್ಲೇ, ಬೇಕರಿಯ ಬಾಗಿಲಲ್ಲೇ ಎಂದು ಮಕ್ಕಳು ಆಗಲೇ ನಿರ್ಧರಿಸಿಯಾಗಿತ್ತು.

ಮೇಷ್ಟ್ರ ಹೆಗಲ ಮೇಲೆ ಯಾರೋ ಕೈಯಿಟ್ಟರು. ವೆಂಕಟಪ್ಪ. ಮುಖ ಬಾಡಿಹೋಗಿತ್ತು.

"ಮೇಷ್ಟ್ರೇ," ಎಂದ ಮೆಲ್ಲಗೆ, ಹೊರಡುತ್ತಿದ್ದ ಲಾರಿಯ ಕಡೆ ನೋಡುತ್ತಾ. "ಆ ಸೀಮೆಎಣ್ಣೆ ಒಂದ್ಚೂರು ಉಳ್ದಿದ್ಯಾ?"