ತುಪ್ಪ ನಪಾಸು!

ಬೈಲಹೊಂಗಲದಲ್ಲಿ ತುಪ್ಪ ಕಂಡರೆ ಹೌಹಾರುತ್ತಿದ್ದ ಏಕೈಕ ವೈದಿಕರೆಂದರೆ ನಮ್ಮ ಕಾಕಾ! ಮೊದಲು ಹೀಗಿರಲಿಲ್ಲ. ಹೋಳಿಗೆ ತುಪ್ಪದಲ್ಲಿ ಮುಳುಗದಿದ್ದರೆ ಎಲೆಯ ಮುಂದೆ ಮೌನವ್ರತ ಹಿಡಿಯುತ್ತಿದ್ದ ಮಹಾನುಭಾವರವರು.

ಆದದ್ದಿಷ್ಟು. ಅವರ ಹೆಂಡತಿ, ಅಂದರೆ ನಮ್ಮ ಕಾಕುಗೆ ಎದೆನೋವು ಬಂತು. ಬೆಳಗಾವಿಯ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, “ಇವರ ರಕ್ತದಾಗ ಕೊಬ್ಬು ಭಾಳ ಅದ. ತುಪ್ಪ, ವನಸ್ಪತಿ, ತಣ್ಣಗಾದ್ರ ಗಟ್ಟಿ ಆಗೋವೆಲ್ಲಾ ಬಿಡಸ್ರಿ. ಕುಸುಬಿ ಎಣ್ಣಿ ಕೊಡ್ರಿ. ಇಲ್ಲಂದ್ರ ಜೀವಕ್ಕ ಅಪಾಯ” ಎಂದರು. ಅವರು ಹೇಳಿದ್ದು ಅಷ್ಟೇ. ಕಾಕಾ ಅದಕ್ಕೆ ಭಾಷ್ಯ ಬರೆದರು!

ಮರುದಿನದ ಚಳಿಯಲ್ಲಿ, ಯಾವುದು ಗಟ್ಟಿಯಾಗುತ್ತದೆಂದು ನೋಡಲು ಕಾಕಾ ಕಿಟಕಿಯ ಕಟ್ಟೆಯ ಮೇಲಿಟ್ಟ ಬಟ್ಟಲುಗಳ ಸಾಲು. ಕುಸುಬಿ ಎಣ್ಣೆ ಪಾಸು. ತುಪ್ಪ ನಪಾಸು. ಕೊಬ್ಬರಿ ಎಣ್ಣೆಯೂ ಹೆಪ್ಪುಗಟ್ಟಿತ್ತು ನೋಡಿ, ಕಾಕು ತಲೆಗೆ ಹಚ್ಚಿಕೊಳ್ಳುತ್ತಿದ್ದ ಬಾಟಲಿಯೇ ಜಪ್ತಿ!

“ತಲಿಗೆ ಹಚ್ಚಿದ್ದು ರಕ್ತಕ್ಕ ಇಳೀತದೇನ್ರೀ?” ಎಂದರು ಕಾಕು.

“ಇಳಿಯೂದಿಲ್ಲ ಅಂತ ಡಾಕ್ಟರ್ ಬರದು ಕೊಟ್ಟಾರೇನು?”

ನೇಸರಗಿಯ ಬೀಗರ ಮನೆಯಲ್ಲಂತೂ ಬಡಿಸಿದ ಲಾಡನ್ನು ತಣ್ಣೀರಿನ ತಂಬಿಗೆಯಲ್ಲಿ ಅದ್ದಿ ಪರೀಕ್ಷಿಸಿದರು. ನೀರಿನ ಮೇಲೆ ಬೆಳ್ಳಗೆ ತುಪ್ಪ ತೇಲಿತು. “ನಪಾಸು!” ಎಂದು ಘೋಷಿಸಿದರು. ಬೀಗಿತ್ತಿ ಆರು ತಿಂಗಳು ಮಾತು ಬಿಟ್ಟರು.

ಇಷ್ಟಾದರೂ ಕಾಕುವಿನ ರಕ್ತದ ಕೊಬ್ಬು ಇಳಿಯಬೇಕಲ್ಲ? ಇಳಿಯಲಿಲ್ಲ! ಡಾಕ್ಟರರು ಗದರಿಸಿ ಕಳಿಸಿದರು. ನಮ್ಮದು ಗಂಡಸರ ಪಂಕ್ತಿ ಎದ್ದ ಮೇಲೆ ಹೆಂಗಸರು ಒಳಗೆ ಉಣ್ಣುವ ಮನೆ. ಒಂದು ಮಧ್ಯಾಹ್ನ ಕಾಕಾ ನೀರು ಕೇಳಲು ಒಳಗೆ ಹೋದರೆ, ಕಾಕು ನೈವೇದ್ಯದ ತುಪ್ಪವನ್ನು ಅನ್ನಕ್ಕೆ ಸುರಿದುಕೊಳ್ಳುತ್ತಿದ್ದರು. ದೇವರಿಗೆ ಮಾತ್ರ ಕಾಕಾ ತುಪ್ಪದ ರಿಯಾಯಿತಿ ಕೊಟ್ಟಿದ್ದರು!

“ಪ್ರಸಾದ ಒಲ್ಲೆ ಅನಬಾರದ್ರೀ,” ಎಂದರು ಕಾಕು.

ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡೆವು. ಕಾಕಾ ಕೂಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಆಕೆಯನ್ನೇ ನೋಡಿದರು. ಮರುದಿನ ಪಂಕ್ತಿಯಲ್ಲಿ ತಮ್ಮ ಪಕ್ಕಕ್ಕೆ ಇನ್ನೊಂದು ಎಲೆ ಹಾಕಿ, ಕಾಕುವಿನ ಕೈ ಹಿಡಿದು ಕೂರಿಸಿದರು.

“ಇದೇನೋ, ಗಂಡಸರ ಪಂಕ್ತಿಯಾಗ?” ಅಜ್ಜ ಗುಡುಗಿದರು.

“ಆಕಿ ಏನ್ ಉಣತಾಳ, ಉಣತಾಳೋ ಇಲ್ಲೋ, ಇಪ್ಪತ್ತು ವರ್ಷ ನಾ ನೋಡೇ ಇಲ್ಲಪ್ಪಾ. ನನಗ ಆಕಿ ಬೇಕು. ಇನ್ನ ಮ್ಯಾಲೆ ಆಕಿ ಉಣ್ಣೂದನ್ನ ನಾನೂ ಉಣ್ಣಾಂವ,” ಎಂದರು ಕಾಕಾ.

ಅಜ್ಜ ತಮ್ಮ ಎಲೆಯತ್ತ ತಿರುಗಿದರು. ಕಾಕು ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಅಂದು ಬಡಿಸುವ ಸರದಿ ನನ್ನದು. ಕಣ್ಣು ಮಂಜಾಗಿ, ಎರಡೂ ಎಲೆಗೆ ಕುಸುಬಿ ಎಣ್ಣೆ ತುಸು ಹೆಚ್ಚೇ ಬಿತ್ತು.