ಒಂದು ದಿನ ಮೊದಲೇ ಶುರುವಾದ ಲೈಸೆನ್ಸು

ಕಿಸೆಗೆ ರೊಕ್ಕ ಬಿತ್ತೆಂದರೆ ಅದು ನಮ್ಮ ಗಳಿಕೆ ಎಂದು ನಂಬಿ ನಲವತ್ತೆರಡು ವರ್ಷ ನೆಮ್ಮದಿಯಾಗಿ ಬದುಕಿದವನು ನಾನು. ಆ ನೆಮ್ಮದಿ ಕೆಡಿಸಿದವರು ನಮ್ಮ ಆಡಿಟರ್ ಮೇಡಂ. ಹೈಸ್ಕೂಲಿನ ಗುಮಾಸ್ತಿಕೆ ಬಿಟ್ಟು, ಬೀಜ-ಗೊಬ್ಬರದ ಅಂಗಡಿಗಳಿಗೆ ಬಿಲ್ಲು ಮಾಡಿಕೊಡುವ ಸಾಫ್ಟ್‌ವೇರ್ ಬರೆದು, ಕಲಘಟಗಿಯಲ್ಲಿ ಹಿಟ್ಟಿನ ಗಿರಣಿಯ ಮೇಲೆ ಕಂಪನಿ ತೆರೆದಿದ್ದೆ. ಕಂಪನಿಯೆಂದರೆ ನಾನು, ಒಂದು ಕಂಪ್ಯೂಟರು ಮತ್ತು ಗಿರಣಿ ಶುರುವಾದಾಗಲೆಲ್ಲ ನಡುಗುವ ಒಂದು ಮೇಜು. ಹೆಂಡತಿ ಮಹಾದೇವಿ ಒಪ್ಪಿದ್ದು ಒಂದೇ ಕರಾರಿನ ಮೇಲೆ: "ಮೊದಲ ವರ್ಷನ ಲಾಭ ತೋರಸ್ರಿ. ಇಲ್ಲಾಂದ್ರ ಮತ್ತ ಸಾಲಿಗೆ ಹೋಗಿ ಹಾಜರಿ ಬರೀರಿ."

ವರ್ಷವೆಲ್ಲ ಬರೀ ಖರ್ಚು. ಮಾರ್ಚ್ ಕೊನೆಗೆ ಸಂಶಿಯ ಗೊಬ್ಬರದಂಗಡಿ ಶಿವಪ್ಪ ಕಾಕಾ ಮೂರು ವರ್ಷದ ಲೈಸೆನ್ಸು ಕೊಂಡು, ಪೂರ್ತಿ ಹಣಕ್ಕೆ ಚೆಕ್ಕನ್ನೇ ಬರೆದುಬಿಟ್ಟರು! ಮೂವತ್ತೊಂದರ ಬೆಳಿಗ್ಗೆ ಚೆಕ್ ಪಾಸಾಯಿತು. ಬಿಸಿ ಮಿರ್ಚಿ ಕಟ್ಟಿಸಿಕೊಂಡು ಆಡಿಟರ್ ಕಚೇರಿಗೆ ಓಡಿದೆ. ಮೇಡಂ ಮಿರ್ಚಿ ತಿಂದರು, ಕರಾರುಪತ್ರ ಓದಿದರು, ಬೆರಳು ಒರೆಸಿಕೊಂಡು ಹೇಳಿದರು: "ರೊಕ್ಕ ಬಂದೈತ್ರಿ. ಆದಾಯ ಬಂದಿಲ್ಲ."

ಕೈಯಲ್ಲಿದ್ದ ಮಿರ್ಚಿಯನ್ನು ಪೊಟ್ಟಣಕ್ಕೆ ವಾಪಸ್ ಹಾಕಿದೆ. "ಲೈಸೆನ್ಸಿನ ಕೀ ಮೊನ್ನೇನ ಕೊಟ್ಟೇನಲ್ರಿ ಮೇಡಂ!"

"ಕೊಟ್ಟೀರಿ. ಆದ್ರ ನಾಳಿ ಒಂದನೇ ತಾರೀಖಿನಿಂದ ವಾಪರಸಬೇಕು ಅಂತ ನೀವ ಬರದೀರಿ. ಗಿರಾಕಿಗೆ ಬಳಸಾಕ ಬರೂತನಕ ಇದು ಮುಂಗಡ ಅಷ್ಟ. ಮತ್ತ ಮೂರು ವರ್ಷ ಫೋನಿನ್ಯಾಗ ನೆರವು ಕೊಡ್ತೀನಿ ಅಂದೀರಿ. ಆ ಪಾಲು ಕೆಲಸ ಮಾಡಿದಂಗ ತಿಂಗಳಾ ತಿಂಗಳಾ ಬರ್ತೈತಿ."

ಮನೆಗೆ ಬಂದು ಮಹಾದೇವಿಗೆ ಹೇಳಿದರೆ, ಬಮ್ಮಿಗಟ್ಟಿಯ ರೈತರ ಮಗಳಾದ ಆಕೆಗೆ ಅರೆ ನಿಮಿಷದಲ್ಲಿ ತಿಳಿಯಿತು. "ಖರೇನ ಅಂದಾರ. ಎತ್ತು ಮಾರಿ, ಹಗ್ಗ ನೀವ ಹಿಡ್ಕೊಂಡು ನಿಂತ್ರ ಅದ್ಯಾವ ಮಾರಾಟ?"

ಲೆಕ್ಕದ ವರ್ಷ ಇವತ್ತಿಗೆ ಮುಗಿಯುತ್ತದೆ, ಹಗ್ಗ ಇವತ್ತೇ ಕೊಡಬೇಕು! ಬೈಕ್ ಹತ್ತಿದವನು ಹುಬ್ಬಳ್ಳಿ ದಾಟಿದ್ದೇ ಗೊತ್ತಾಗಲಿಲ್ಲ. ಸಂಶಿಯಲ್ಲಿ ಇಳಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಶಿವಪ್ಪ ಕಾಕಾ ಗೊಬ್ಬರದ ಚೀಲಗಳ ನಡುವೆ ಕೂತಿದ್ದರು. ವಿಷಯ ಕೇಳಿ ಕೈಯಾಡಿಸಿಬಿಟ್ಟರು. "ಇವತ್ತ ಆಗೂದಿಲ್ಲಪಾ. ಹಳೇ ಮಾಲು ಎಣಿಸಿ ಮುಗಿಯೂತನಕ ಕಂಪ್ಯೂಟರ್ ಮುಟ್ಟಂಗಿಲ್ಲ."

"ನಾ ಎಣಸ್ತೀನಿ ಕಾಕಾ!"

ಅಂಗಿಯ ತೋಳು ಮಡಚಿ ಇಳಿದೇಬಿಟ್ಟೆ. ಹಿಂದಿನ ಸಾಲು ಕಾಣಲೆಂದು ಮುಂದಿನ ಚೀಲಗಳನ್ನು ಹೊತ್ತು ಬದಿಗಿಟ್ಟೆ. ಹದಿನೇಳರ ನಂತರ ಎರಡು ಸಲ ಹತ್ತೊಂಬತ್ತು ಎಂದೆ, ಎರಡೂ ಸಲ ಕಾಕಾ ಮೊದಲಿನಿಂದ ಎಣಿಸಲು ಹಚ್ಚಿದರು. ನಾಲ್ಕು ಗಂಟೆಗೆ ಲೆಕ್ಕ ಕೂಡಿತು. ಕರಾರಿನಲ್ಲಿ 'ಇಂದಿನಿಂದ' ಎಂದು ತಿದ್ದಿ ಇಬ್ಬರೂ ಸಹಿ ಹಾಕಿದೆವು.

"ಒಂದು ದಿನ ಹೆಚ್ಚಾತು. ಅದಕ್ಕ ಬ್ಯಾರೆ ರೊಕ್ಕ ಕೇಳಬ್ಯಾಡ ಮತ್ತ," ಎಂದರು ಕಾಕಾ.

ಮೊದಲ ಬಿಲ್ಲಿಗೆ ಗಿರಾಕಿ ಬೇಕಲ್ಲ, ಬದನೆ ಬೀಜದ ಪಾಕೀಟು ನಾನೇ ಕೊಂಡೆ. ಪ್ರಿಂಟರು ಕಿರ್ರೆಂದು ಬಿಲ್ಲು ಹೊರಹಾಕಿದಾಗ ಕಾಕಾನನ್ನು ಅಪ್ಪಿಕೊಂಡುಬಿಟ್ಟೆ. ಬಿಲ್ಲು, ಕರಾರು ಎರಡರ ಚಿತ್ರವನ್ನೂ ಮೇಡಂಗೆ ಕಳಿಸಿದೆ. "ಲೈಸೆನ್ಸಿನ ಪಾಲನ್ನ ಆದಾಯ ಅಂತ ಈ ವರ್ಷಕ್ಕ ಹಿಡೀಬಹುದ್ರಿ," ಎಂದು ಉತ್ತರ ಬಂತು. ಖರ್ಚೆಲ್ಲ ಕಳೆದು ಲಾಭ! ಮಹಾದೇವಿಗೆ ಫೋನಿನಲ್ಲಿ ಕೂಗಿ ಹೇಳಿದೆ. ಆಕೆಯೂ ಕೂಗಿದಳು. ಗೊಬ್ಬರ ಒಯ್ಯಲು ಬಂದಿದ್ದ ರೈತರಿಬ್ಬರು ಯಾರಿಗೋ ಮಗು ಹುಟ್ಟಿತೆಂದು ತಿಳಿದರು.

ಬೈಕ್ ಚಾಲೂ ಮಾಡುವಾಗ ಮೇಡಂ ಮತ್ತೆ ಫೋನ್ ಮಾಡಿದರು. "ಒಂದು ಮಾತು ಹೇಳೂದು ಮರ್ತಿದ್ದೆ ನೋಡ್ರಿ. ಲಾಭ ಈ ವರ್ಷ ಬಂದ್ರ ತೆರಿಗೀನೂ ಈ ವರ್ಷನ. ನಾಳಿ ಚಾಲೂ ಮಾಡಿದ್ರ ಪೂರಾ ಒಂದು ವರ್ಷ ಪುರುಸೊತ್ತು ಸಿಗ್ತಿತ್ತು."

ತೆರಿಗೆಯನ್ನು ಒಂದು ವರ್ಷ ಮೊದಲೇ ಕಟ್ಟಲಿಕ್ಕಾಗಿ ಉರಿಬಿಸಿಲಲ್ಲಿ ಗೊಬ್ಬರದ ಚೀಲ ಹೊತ್ತವನು ನಾನೊಬ್ಬನೇ ಇರಬೇಕು. ಮಹಾದೇವಿಗೆ ಲಾಭದ ಸುದ್ದಿಯನ್ನಂತೂ ಹೇಳಿಯಾಗಿದೆ. ತೆರಿಗೆಯ ಸುದ್ದಿಯನ್ನು ಯಾವ ವರ್ಷಕ್ಕೆ ಹಿಡಿಯಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.